ಕಪ್ಪು ಕೋಟಿಗಿಂತ ಮೊದಲು ಬಾಡಿಗೆ ಕರಾರು: ಬೆಂಗಳೂರಿಗೆ ಕಾನೂನು ಓದಲು ಬಂದವರಿಗೆ

ಎಲ್‌ಎಲ್‌ಬಿ ದಾಖಲಾತಿ ಶುರುವಾದರೆ ನಮ್ಮ ಕುಷ್ಟಗಿ ಕಡೆಯಿಂದ ನನಗೆ ಫೋನ್ ಬರುತ್ತದೆ. "ಅಕ್ಕಾ, ಬೆಂಗಳೂರಾಗ ಸೀಟ್ ಸಿಕ್ಕೈತಿ. ಈಗೇನ್ ಮಾಡ್ಲಿ?" ಎಂದು ಕೇಳುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿದವರು. ಮನೆತನದಲ್ಲಿ ವಕೀಲರೇ ಇಲ್ಲದವರು. ಬೆಂಗಳೂರನ್ನು ಮದುವೆಗೋ ಆಸ್ಪತ್ರೆಗೋ ಒಮ್ಮೆ ಬಂದು ನೋಡಿದವರು. ನಾನೂ ಹಾಗೆಯೇ ಬಂದವಳು. ಫೋನಿನಲ್ಲಿ ತುಂಡು ತುಂಡಾಗಿ ಹೇಳುವುದನ್ನು ಇಲ್ಲಿ ಒಂದು ಕಡೆ ಬರೆದಿಟ್ಟಿದ್ದೇನೆ. ಮೊದಲ ಸೆಮಿಸ್ಟರ್ ದಾಟುವವರೆಗೆ ಬೇಕಾಗುವಷ್ಟು ಇದರಲ್ಲಿದೆ.

ಊರು ಬಿಡುವ ಮುಂಚೆ

ನಾಡಕಚೇರಿ ಕೆಲಸ ಮುಗಿಸಿಕೊಂಡೇ ಬಸ್ ಹತ್ತಿ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಆರ್.ಡಿ. ಸಂಖ್ಯೆ ಇರುತ್ತದೆ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ಅದನ್ನು ಕೇಳುತ್ತಾರೆ. ಅದಕ್ಕಾಗಿ ಬೆಂಗಳೂರಿನಿಂದ ಮತ್ತೆ ಊರಿಗೆ ಓಡಿದರೆ ತರಗತಿಯೂ ಹೋಯಿತು, ಬಸ್ ಚಾರ್ಜೂ ಹೋಯಿತು. ಆಧಾರ್ ಸಂಖ್ಯೆ ಬ್ಯಾಂಕ್ ಖಾತೆಗೆ ಜೋಡಣೆಯಾಗಿದೆಯೇ ಎಂದು ಬ್ಯಾಂಕಿಗೇ ಹೋಗಿ ಕೇಳಿ. ಮಂಜೂರಾದ ಹಣ ಖಾತೆಗೆ ಬಾರದೆ ನಿಂತುಬಿಡಲು ಇದೊಂದೇ ಸಾಕು. ಅಂಕಪಟ್ಟಿ, ವರ್ಗಾವಣೆ ಪತ್ರ, ಬೇರೆ ವಿಶ್ವವಿದ್ಯಾಲಯದಲ್ಲಿ ಪದವಿ ಮಾಡಿದ್ದರೆ ಮೈಗ್ರೇಷನ್ ಪ್ರಮಾಣಪತ್ರ, ಇವುಗಳ ನಾಲ್ಕು ನಾಲ್ಕು ಜೆರಾಕ್ಸ್ ಪ್ರತಿಗಳನ್ನು ಒಂದು ಫೈಲಿನಲ್ಲಿಡಿ. ಕಾಲೇಜಿಗೆ ಮೂಲಪ್ರತಿ ಕೊಟ್ಟರೆ ಕೈಬರಹದಲ್ಲಾದರೂ ಸರಿ, ಸ್ವೀಕೃತಿ ಪಡೆಯಿರಿ.

ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳು ಬೆಂಗಳೂರಿನಲ್ಲಿವೆ. ಅರ್ಹತೆ ಇದ್ದರೆ ಮೊದಲು ಅಲ್ಲಿಗೆ ಅರ್ಜಿ ಹಾಕಿ, ಪಿಜಿ ಹುಡುಕುವುದು ಆಮೇಲೆ. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ಊಟ-ವಸತಿಗೆ ತಿಂಗಳ ಲೆಕ್ಕದಲ್ಲಿ 10 ತಿಂಗಳ ನೆರವು ಸಿಗುತ್ತದೆ. ಬೆಂಗಳೂರಿನ ಬಾಡಿಗೆಗೆ ಅದು ಸಾಲದು, ಆದರೂ ಬಿಡಬೇಡಿ.

ಕೋಣೆ

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ನಾನು ಏಟು ತಿಂದದ್ದು ಇಲ್ಲೇ. ನನ್ನ ಮೊದಲ ಪಿಜಿಯಲ್ಲಿ ಡೆಪಾಸಿಟ್ ಹಣವನ್ನು ನಗದಾಗಿ ಕೊಟ್ಟೆ. ರಸೀದಿ ಕೇಳಲು ಸಂಕೋಚವಾಯಿತು. ಬಿಡುವಾಗ ಮಾಲೀಕರು ಪೇಂಟಿಂಗ್ ಖರ್ಚು, ನೋಟಿಸ್ ಕೊಡಲಿಲ್ಲ ಎಂದೆಲ್ಲ ಹೇಳಿ ಬಹುಪಾಲು ಹಣ ಹಿಡಿದುಕೊಂಡರು. ನನ್ನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಅದೇ ವಾರ ತರಗತಿಯಲ್ಲಿ 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪಾಠ ನಡೆಯಿತು. ಕರಾರು ಮುರಿದವರಿಂದ ದಂಡವೆಂದು ಬರೆದ ಮೊತ್ತವನ್ನು ಕಣ್ಣುಮುಚ್ಚಿ ವಸೂಲು ಮಾಡುವಂತಿಲ್ಲ, ಆ ಮೊತ್ತ ಮೀರದಂತೆ ನ್ಯಾಯೋಚಿತ ಪರಿಹಾರವಷ್ಟೇ ಸಿಗಬೇಕು ಎನ್ನುವ ಸೆಕ್ಷನ್ ಅದು. ಓದುತ್ತಾ ಕಣ್ಣು ತುಂಬಿ ಬಂತು. ಆ ಸೆಕ್ಷನ್ ಈ ಜನ್ಮದಲ್ಲಿ ಮರೆಯುವುದಿಲ್ಲ.

ನೀವು ಹೀಗೆ ಮಾಡಿ. ಕೋಣೆ ನೋಡಲು ಒಮ್ಮೆ ಹಗಲು ಹೋಗಿ, ಇನ್ನೊಮ್ಮೆ ರಾತ್ರಿ ಒಂಬತ್ತರ ಮೇಲೆ ಹೋಗಿ. ರಾತ್ರಿ ಎಷ್ಟು ಗಲಾಟೆ ಇರುತ್ತದೆ, ಹತ್ತರ ಮೇಲೆ ದೀಪ ಹಾಕಿ ಓದಲು ಬಿಡುತ್ತಾರೆಯೇ, ಬೇಸಿಗೆಯಲ್ಲಿ ನೀರು ಎಲ್ಲಿಂದ ಬರುತ್ತದೆ ಎಂದು ಅಲ್ಲಿರುವ ಹುಡುಗ ಹುಡುಗಿಯರನ್ನೇ ಕೇಳಿ. ಮಾಲೀಕರು ಹೇಳದ್ದನ್ನು ಅವರು ಹೇಳುತ್ತಾರೆ. ಹಣವನ್ನು ಯುಪಿಐ ಮೂಲಕವೇ ಕಳಿಸಿ, ಟಿಪ್ಪಣಿಯ ಜಾಗದಲ್ಲಿ "ಡೆಪಾಸಿಟ್" ಎಂದೋ "ಜುಲೈ ಬಾಡಿಗೆ" ಎಂದೋ ಬರೆಯಿರಿ. ಮಾತಿನಲ್ಲಿ ಒಪ್ಪಿದ್ದನ್ನು ಅದೇ ದಿನ ವಾಟ್ಸಾಪ್‌ನಲ್ಲಿ ವಿನಯದಿಂದ ಬರೆದು ಕಳಿಸಿ: "ಸರ್, ಡೆಪಾಸಿಟ್ ಇಷ್ಟು ಕೊಟ್ಟಿದ್ದೇನೆ. ಬಿಡುವ ಒಂದು ತಿಂಗಳು ಮುಂಚೆ ಹೇಳಿದರೆ ಪೂರ್ತಿ ವಾಪಸ್ ಕೊಡುತ್ತೇನೆ ಎಂದಿದ್ದೀರಿ." ಅವರು "ಸರಿ" ಎಂದು ಉತ್ತರಿಸಿದರೆ ಅಷ್ಟೇ ಬೇಕಾದದ್ದು. ಸೇರಿದ ದಿನ ಗೋಡೆ, ಕಿಟಕಿ, ಬಚ್ಚಲಿನ ಫೋಟೊ ತೆಗೆದಿಡಿ.

ನಾಲ್ಕೈದು ಜನ ಸೇರಿ ಮನೆ ಹಿಡಿಯುವುದಾದರೆ 11 ತಿಂಗಳ ಕರಾರು ಮುಂದೆ ಬರುತ್ತದೆ. 11 ಯಾಕೆ, 12 ಯಾಕಲ್ಲ? ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನೋಂದಾಯಿಸಲೇಬೇಕು. ಆ ಖರ್ಚು ಮತ್ತು ಓಡಾಟ ತಪ್ಪಿಸಲು 11ರ ಪದ್ಧತಿ ಬೆಳೆದಿದೆ. ಆ ಕರಾರಿನ ಪ್ರತಿ ಸಾಲನ್ನೂ ಸಹಿಗೆ ಮುಂಚೆ ಓದಿ. ಯಾರು ಯಾರಿಗೆ ಏನು ಕೊಡಬೇಕು, ಯಾವಾಗ, ಕೊಡದಿದ್ದರೆ ಏನು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಓದಿದರೆ ನಿಮ್ಮ ಮೊದಲ ಕಾನೂನು ಪಾಠ ಕಾಲೇಜು ಶುರುವಾಗುವ ಮೊದಲೇ ಆಗಿಹೋಗಿರುತ್ತದೆ.

ಓಡಾಟ, ಊಟ

ಕಾಲೇಜು ಬೆಳಗಿನ ಹೊತ್ತಿನದಾದರೆ ಅದರ ಹತ್ತಿರವೇ ಇರಿ. ಅಲ್ಲದಿದ್ದರೆ ಮೆಟ್ರೊದ ನೇರಳೆ ಮಾರ್ಗಕ್ಕೆ ಹತ್ತಿರವಾಗಿರಿ, ಯಾಕೆಂದರೆ ನಿಮಗೆ ಮುಂದೆ ಬೇಕಾಗುವ ಸಿಟಿ ಸಿವಿಲ್ ಕೋರ್ಟ್, ಹೈಕೋರ್ಟ್ ಎರಡೂ ಅದೇ ಸಾಲಿನಲ್ಲಿವೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಿದೆ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆದರೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಹಣ ಕೊಡಬೇಕಿಲ್ಲ. ಹುಡುಗರು ಸೇವಾ ಸಿಂಧು ಮೂಲಕ ವಿದ್ಯಾರ್ಥಿ ಪಾಸಿಗೆ ಅರ್ಜಿ ಹಾಕಬೇಕು.

ಊಟದ ವಿಷಯ ಒಂದೇ ಮಾತು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತರಗತಿಗೆ ಹೋಗಬೇಡಿ. ದರ್ಶಿನಿ, ಇಂದಿರಾ ಕ್ಯಾಂಟೀನ್ ಎಲ್ಲ ಕಡೆ ಇವೆ. ನಮ್ಮ ಕಡೆಯವರಿಗೆ ಅನ್ನ ತಿಂದೂ ತಿಂದೂ ನಾಲಿಗೆ ಸತ್ತ ಹಾಗಾದಾಗ ಜೋಳದ ರೊಟ್ಟಿಯ ಖಾನಾವಳಿಗಳೂ ಇಲ್ಲಿ ಸಿಗುತ್ತವೆ. ವಾರಕ್ಕೊಮ್ಮೆ ಅಲ್ಲಿಗೆ ಹೋಗುವುದನ್ನು ದುಂದುವೆಚ್ಚ ಎಂದು ಲೆಕ್ಕ ಹಾಕಬೇಡಿ.

ಮೊದಲ ತಿಂಗಳ ಓದು

ಮೊದಲು ಬೇರ್ ಆಕ್ಟ್, ಆಮೇಲೆ ಗೈಡ್. ಬೇರ್ ಆಕ್ಟ್ ಎಂದರೆ ಟೀಕೆ ಟಿಪ್ಪಣಿ ಇಲ್ಲದ ಬರೀ ಕಾಯ್ದೆ. ದಿನಕ್ಕೆ ಐದು ಸೆಕ್ಷನ್ ಸಾಕು. ಓದುವಾಗ ಪೆನ್ಸಿಲ್ ಹಿಡಿದು ಕೆಲವು ಪದಗಳಿಗೆ ಗೆರೆ ಎಳೆಯಿರಿ: ಷಲ್, ಮೇ, ಪ್ರೊವೈಡೆಡ್ ದಟ್, ನಾಟ್‌ವಿತ್‌ಸ್ಟ್ಯಾಂಡಿಂಗ್. ಅರ್ಥವಾಗದಿದ್ದರೆ ಕರ್ನಾಟಕದ ಯಾವುದಾದರೂ ಕಾಯ್ದೆಯನ್ನು ಕನ್ನಡದಲ್ಲಿ ತೆರೆಯಿರಿ. ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ಅವು ಉಚಿತವಾಗಿವೆ. "ಮಾಡತಕ್ಕದ್ದು" ಎಂದಿದ್ದರೆ ಷಲ್, ಅಂದರೆ ಕಡ್ಡಾಯ. "ಮಾಡಬಹುದು" ಎಂದಿದ್ದರೆ ಮೇ. "ಪರಂತು" ಎಂದು ಬಂದರೆ ಮೇಲೆ ಹೇಳಿದ ನಿಯಮಕ್ಕೆ ಒಂದು ವಿನಾಯಿತಿಯೋ ಷರತ್ತೋ ಬರಲಿದೆ ಎಂದರ್ಥ. "ಏನೇ ಒಳಗೊಂಡಿದ್ದರೂ" ಎಂದರೆ ಈ ಸಾಲು ಬೇರೆಯದನ್ನು ಬದಿಗೆ ಸರಿಸಿ ನಿಲ್ಲುತ್ತದೆ. ಈ ನಾಲ್ಕು ಪದಗಳು ಕೈವಶವಾದರೆ ಅರ್ಧ ಪುಟದ ಸೆಕ್ಷನ್ ಕೂಡ ಬಿಡಿಬಿಡಿಯಾಗಿ ಕಾಣುತ್ತದೆ. ಇನ್ನೊಂದು ಗೊಂದಲ ಈಗಲೇ ಬಿಡಿಸಿಕೊಳ್ಳಿ. ಸೆಕ್ಷನ್‌ಗೆ ರಾಜ್ಯದ ಕಾಯ್ದೆಗಳಲ್ಲಿ "ಪ್ರಕರಣ" ಎನ್ನುತ್ತಾರೆ, ಪೊಲೀಸರ ಕಾಗದಗಳಲ್ಲಿ "ಕಲಂ" ಎನ್ನುತ್ತಾರೆ. ಕೋರ್ಟಿನಲ್ಲಿ ನಡೆಯುವ ಕೇಸಿಗೂ ಪ್ರಕರಣವೆಂದೇ ಹೆಸರು.

ಕೇಸ್ ಓದುವುದು ಎರಡನೆಯ ಅಭ್ಯಾಸ. ನಾಲ್ಕೇ ಸಾಲಿನಲ್ಲಿ ಬರೆಯಲು ಕಲಿಯಿರಿ. ಕರಾರು ತರಗತಿಯಲ್ಲಿ ಬರುವ 1903ರ ಮೋಹರಿ ಬೀಬಿ ಪ್ರಕರಣ ತೆಗೆದುಕೊಳ್ಳಿ. ನಡೆದದ್ದು: ಅಪ್ರಾಪ್ತ ವಯಸ್ಸಿನ ಧರ್ಮೋದಾಸ್ ಘೋಷ್ ಕಲ್ಕತ್ತಾದಲ್ಲಿ ಸಾಲಕ್ಕಾಗಿ ಆಸ್ತಿ ಅಡಮಾನ ಬರೆದುಕೊಟ್ಟ. ಪ್ರಶ್ನೆ: ಅಪ್ರಾಪ್ತನ ಕರಾರು ನಿಲ್ಲುತ್ತದೆಯೇ? ತೀರ್ಪು: ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಾಲಯ) ಇಲ್ಲವೆಂದಿತು, ಅದು ಹುಟ್ಟಿನಿಂದಲೇ ಶೂನ್ಯ. ಕಾರಣ: ಕರಾರು ಮಾಡಲು ಅರ್ಹತೆ ಬೇಕೆಂದು 10 ಮತ್ತು 11ನೇ ಸೆಕ್ಷನ್ ಹೇಳುತ್ತವೆ, ಆ ಅರ್ಹತೆ ಅಪ್ರಾಪ್ತನಿಗಿಲ್ಲ. ಇಷ್ಟೇ. ಕೊನೆಯ ಸಾಲು ಬರೆಯಲು ಬಾರದಿದ್ದರೆ ಕೇಸ್ ಇನ್ನೂ ಅರ್ಥವಾಗಿಲ್ಲ, ಮತ್ತೊಮ್ಮೆ ಓದಿ.

ಪುಸ್ತಕಕ್ಕೆ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಿಗೆ ಎಲ್ಲರೂ ಹೋಗುತ್ತಾರೆ, ನೀವೂ ಹೋಗಿ. ಕರಾರು, ಟಾರ್ಟ್ (ಕರಾರಿಗೆ ಸಂಬಂಧಿಸದ ಸಿವಿಲ್ ತಪ್ಪುಗಳು) ವಿಷಯದ ಹಳೆ ಪುಸ್ತಕ ಧಾರಾಳವಾಗಿ ಕೊಳ್ಳಬಹುದು. ಅಪರಾಧ ಕಾನೂನಿನದು ಮಾತ್ರ ಹೊಸದೇ ಆಗಬೇಕು. 2024ರ ಜುಲೈ 1ರಿಂದ ಐಪಿಸಿಯ (ಭಾರತೀಯ ದಂಡ ಸಂಹಿತೆ) ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಹಾಗೆಂದು ಹಳೆಯ ಸಂಖ್ಯೆ ಮರೆಯುವಂತೆಯೂ ಇಲ್ಲ. ಆ ದಿನಕ್ಕಿಂತ ಮುಂಚೆ ನಡೆದ ಅಪರಾಧಗಳ ವಿಚಾರಣೆ ಐಪಿಸಿಯಡಿಯೇ ನಡೆಯುತ್ತಿದೆ, ಕೋರ್ಟಿನಲ್ಲಿ ದಿನವೂ 302, 420 ಕಿವಿಗೆ ಬೀಳುತ್ತವೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಜೋಡಿ ಬರೆದಿಡಿ: ಕೊಲೆಗೆ ಶಿಕ್ಷೆ 302, ಈಗ 103. ವಂಚನೆ 420, ಈಗ 318. ಕೊಲೆ ಯತ್ನ 307, ಈಗ 109. ಒಂದು ಸಂಖ್ಯೆಯಲ್ಲಿ ವಿಶೇಷ ಎಚ್ಚರ ಬೇಕು. ಸಿಆರ್‌ಪಿಸಿಯಲ್ಲಿ 482 ಎಂದರೆ ಪ್ರಕರಣ ರದ್ದುಪಡಿಸಲು ಹೈಕೋರ್ಟಿಗಿರುವ ಅಂತರ್ಗತ ಅಧಿಕಾರ. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 482 ಎಂದರೆ ನಿರೀಕ್ಷಣಾ ಜಾಮೀನು, ಅಂತರ್ಗತ ಅಧಿಕಾರ 528ಕ್ಕೆ ಹೋಗಿದೆ.

ದುಡ್ಡು ಕೊಟ್ಟು ತೀರ್ಪುಗಳ ಆ್ಯಪ್ ಕೊಳ್ಳುವ ಅಗತ್ಯ ಈಗಿಲ್ಲ. ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ ಉಚಿತ, ಕೆಲವು ತೀರ್ಪುಗಳ ಕನ್ನಡ ಅನುವಾದವೂ ಅಲ್ಲಿದೆ. ಕೇಂದ್ರದ ಕಾಯ್ದೆಗಳಿಗೆ ಇಂಡಿಯಾ ಕೋಡ್ ಇದೆ. ಕೂತು ಓದಲು ಜಾಗವಿಲ್ಲದಿದ್ದರೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ರಾಜ್ಯ ಕೇಂದ್ರ ಗ್ರಂಥಾಲಯ ನೆನಪಿರಲಿ.

ಹಾಜರಾತಿ ವಿಷಯದಲ್ಲಿ ಸೀನಿಯರ್‌ಗಳು ಹೇಳುವ ಧೈರ್ಯದ ಮಾತು ನಂಬಬೇಡಿ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳು ಪ್ರತಿ ವಿಷಯದಲ್ಲೂ 70 ಪ್ರತಿಶತ ಕೇಳುತ್ತವೆ. ನಿಮ್ಮ ಕಾಲೇಜಿನ ಸೂಚನಾ ಫಲಕದಲ್ಲಿ ಅದಕ್ಕಿಂತ ಹೆಚ್ಚು ಕೇಳಿದ್ದರೆ ಆ ಲೆಕ್ಕವನ್ನೇ ಹಿಡಿಯಿರಿ.

ಕೋರ್ಟಿಗೆ ಹೋಗಿ, ಮೊದಲ ತಿಂಗಳಲ್ಲೇ

ಕೋರ್ಟು ನೋಡಲು ಕೊನೆಯ ವರ್ಷದವರೆಗೆ ಕಾಯುವವರೇ ಹೆಚ್ಚು. ಪಠ್ಯಕ್ರಮದಲ್ಲಿ ಎರಡು ವಿಚಾರಣೆಗಳನ್ನು ನೋಡಿ ದಿನಚರಿ ಬರೆಯುವ ಭಾಗ ಕೊನೆಗೆ ಬರುವುದು ನಿಜ. ಆದರೆ ಒಂದು ದಾವೆಯನ್ನು ಕಣ್ಣಾರೆ ಕಂಡವರಿಗೂ ಪುಸ್ತಕದಲ್ಲಷ್ಟೇ ಓದಿದವರಿಗೂ ಪಾಠ ತಲೆಗೆ ಹತ್ತುವುದರಲ್ಲಿ ಬಹಳ ಅಂತರವಿದೆ.

ಹೈಕೋರ್ಟಿನಿಂದ ಶುರು ಮಾಡಬೇಡಿ. ವಿಧಾನಸೌಧದ ಎದುರಿನ ಆ ಕೆಂಪು ಅಠಾರಾ ಕಚೇರಿ ನೋಡಲು ಚೆಂದ, ಆದರೆ ಅಲ್ಲಿ ವಾದ ಇಂಗ್ಲಿಷಿನಲ್ಲಿ, ವೇಗವಾಗಿ, ಕಡತದ ಪುಟ ಸಂಖ್ಯೆಗಳ ಮೇಲೆ ನಡೆಯುತ್ತದೆ. ಹೊಸಬರಿಗೆ ಹಿಡಿತ ಸಿಗುವುದಿಲ್ಲ. ಕೆಂಪೇಗೌಡ ರಸ್ತೆಯ ಸಿಟಿ ಸಿವಿಲ್ ಕೋರ್ಟ್ ಸಂಕೀರ್ಣಕ್ಕೆ ಹೋಗಿ. ಮೈಸೂರು ಬ್ಯಾಂಕ್ ವೃತ್ತದ ಹತ್ತಿರ ಬರುತ್ತದೆ, ಸೆಂಟ್ರಲ್ ಕಾಲೇಜಿನ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಕಲಾಪ ಶುರುವಾಗುವುದು 11ಕ್ಕೆ, ನೀವು ಅರ್ಧ ಗಂಟೆ ಮುಂಚೆ ಅಲ್ಲಿರಿ. ಬಿಳಿ ಅಂಗಿ, ಕಪ್ಪು ಪ್ಯಾಂಟು ಅಥವಾ ಬಿಳಿ ಚೂಡಿದಾರ್ ಸಾಕು. ಗೌನು ಮತ್ತು ಕೊರಳ ಬ್ಯಾಂಡ್ ವಕೀಲರದು, ವಿದ್ಯಾರ್ಥಿಗಳು ಹಾಕುವಂತಿಲ್ಲ. ಕಾಲೇಜಿನ ಗುರುತಿನ ಚೀಟಿ ಜೇಬಿನಲ್ಲಿರಲಿ.

ಪ್ರತಿ ಕೋರ್ಟ್ ಹಾಲಿನ ಹೊರಗೆ ಆ ದಿನದ ಕಾಸ್ ಲಿಸ್ಟ್, ಅಂದರೆ ಅಂದು ಬರುವ ಕೇಸುಗಳ ಪಟ್ಟಿ ಅಂಟಿಸಿರುತ್ತಾರೆ. ಇ-ಕೋರ್ಟ್ಸ್ ಆ್ಯಪಿನಲ್ಲೂ ಸಿಗುತ್ತದೆ. ಓ.ಎಸ್. ಎಂದರೆ ಮೂಲ ದಾವೆ. ಸಿ.ಸಿ. ಎಂದರೆ ಮ್ಯಾಜಿಸ್ಟ್ರೇಟರ ಮುಂದಿನ ಕ್ರಿಮಿನಲ್ ಕೇಸು, ಎಸ್.ಸಿ. ಎಂದರೆ ಸೆಷನ್ಸ್ ಕೇಸು. ಎಂ.ವಿ.ಸಿ. ಮೋಟಾರು ಅಪಘಾತ ಪರಿಹಾರದ್ದು, ಪಿ.ಸಿ.ಆರ್. ಖಾಸಗಿ ದೂರು. ಪಟ್ಟಿಯಲ್ಲಿ ಪ್ರತಿ ಕೇಸಿನ ಮುಂದೆ ಅದು ಯಾವ ಹಂತದಲ್ಲಿದೆ ಎಂದು ಬರೆದಿರುತ್ತದೆ. "ಎವಿಡೆನ್ಸ್" (ಸಾಕ್ಷ್ಯ) ಅಥವಾ "ಕ್ರಾಸ್" (ಪಾಟೀಸವಾಲು, ಅಂದರೆ ಎದುರು ಪಕ್ಷದ ಸಾಕ್ಷಿಗೆ ಪ್ರಶ್ನೆ ಹಾಕುವುದು) ಎಂದಿರುವ ಹಾಲ್ ಹುಡುಕಿ. ಗೊತ್ತಾಗದಿದ್ದರೆ ಬಾಗಿಲಲ್ಲಿ ನಿಂತ ಸಿಬ್ಬಂದಿಯನ್ನು ಕೇಳಿ: "ಅಣ್ಣಾ, ನಾನು ಲಾ ಸ್ಟೂಡೆಂಟ್. ಇವತ್ತು ಇಲ್ಲಿ ಸಾಕ್ಷಿ ವಿಚಾರಣೆ ಇದೆಯಾ?" ನನಗೆ ಇದುವರೆಗೆ ಯಾರೂ ಗದರಿಸಿಲ್ಲ.

ಮೊದಲ ನೋಟಕ್ಕೆ ನಾನು ಸೂಚಿಸುವುದು ಎಂ.ವಿ.ಸಿ. ಅಥವಾ ಚೆಕ್ ಬೌನ್ಸ್ ಪ್ರಕರಣ. ಕಥೆ ಸರಳ, ಕಾಗದಗಳು ಕಡಿಮೆ. ವಕೀಲರು ಪಾಟೀಸವಾಲಿನಲ್ಲಿ ಒಂದೊಂದೇ ಪ್ರಶ್ನೆ ಹಾಕಿ ಸಾಕ್ಷಿಯನ್ನು ಎತ್ತ ಕರೆದೊಯ್ಯುತ್ತಿದ್ದಾರೆ ಎಂದು ಊಹಿಸುತ್ತಾ ಕೇಳಬಹುದು. ಸಾಕ್ಷಿ ಕನ್ನಡದಲ್ಲಿ ಹೇಳುವುದು ದಾಖಲಾಗುವ ರೀತಿಯನ್ನೂ ಗಮನಿಸಿ. "ನಾನು ಹೇಳುತ್ತಿರುವುದು ಸುಳ್ಳು ಎಂದರೆ ಸರಿಯಲ್ಲ" ಎಂಬಂಥ ವಾಕ್ಯಗಳು ಅಲ್ಲೇ ಹುಟ್ಟುತ್ತವೆ.

ಒಳಗೆ ಹೋದ ಮೇಲೆ ಫೋನ್ ಪೂರ್ತಿ ಆಫ್. ರೆಕಾರ್ಡಿಂಗ್, ಫೋಟೊ ಎರಡೂ ಕೂಡದು. ಹೈಕೋರ್ಟಿನ ನೇರಪ್ರಸಾರವನ್ನು ಮನೆಯಲ್ಲಿ ಕೂತು ನೋಡಬಹುದು, ಅದನ್ನೂ ಕತ್ತರಿಸಿ ಹಂಚುವಂತಿಲ್ಲ. ಮುಂದಿನ ಸಾಲಿನ ಕುರ್ಚಿಗಳು ವಕೀಲರಿಗೆ, ನೀವು ಹಿಂದೆ ಕೂರಿ. ನ್ಯಾಯಾಧೀಶರು ಬರುವಾಗ ಹೋಗುವಾಗ ಎದ್ದು ನಿಲ್ಲಿ. ನ್ಯಾಯಾಲಯ ಎಲ್ಲರಿಗೂ ತೆರೆದಿರಬೇಕೆಂಬುದು ಕಾನೂನೇ. ಆದರೆ ಅತ್ಯಾಚಾರ ಮತ್ತು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ) ವಿಚಾರಣೆಗಳು ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತವೆ. ಹೊರಗೆ ಹೋಗಿ ಎಂದರೆ ತಕ್ಷಣ ಎದ್ದು ಬನ್ನಿ.

ಒಂದು ಕೇಸನ್ನು ಆರಿಸಿಕೊಂಡು ಅದರ ಸಂಖ್ಯೆ ಬರೆದುಕೊಳ್ಳಿ. ಮುಂದಿನ ದಿನಾಂಕವನ್ನು ಆ್ಯಪಿನಲ್ಲಿ ನೋಡಿ ಮತ್ತೆ ಹೋಗಿ. ಮೂರು ಸಲ ಹೋದರೆ ಎರಡು ಸಲ ಮುಂದೂಡಿರುತ್ತಾರೆ. ಆ ಎರಡು ದಿನ ಹಳ್ಳಿಯಿಂದ ಬಂದು, ಮರದ ಕೆಳಗೆ ಬುತ್ತಿ ಬಿಚ್ಚಿ ಕೂತ ಕಕ್ಷಿದಾರರ ಮುಖ ನೋಡಿ. ನಾವು ಈ ಓದಿಗೆ ಯಾಕೆ ಬಂದೆವು ಎಂಬುದು ನನಗೆ ಅಲ್ಲಿ ತಿಳಿಯಿತು.

ಇಂಗ್ಲಿಷ್ ಎಂಬ ಭಯ

ತರಗತಿಯಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ಉತ್ತರಿಸಲಾಗದೆ ಕೂತ ದಿನಗಳು ನನಗೂ ಇವೆ. ಅದಕ್ಕೇ ನೇರವಾಗಿ ಹೇಳುತ್ತೇನೆ. ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಯೋಚನೆ ಯಾವ ಭಾಷೆಯಲ್ಲಿ ಸ್ಪಷ್ಟವೋ ಆ ಭಾಷೆಯಲ್ಲಿ ಬರೆಯಿರಿ, ಅದಕ್ಕೆ ನಾಚಿಕೆ ಬೇಡ. ಆದರೆ ಓದುವುದನ್ನು ಇಂಗ್ಲಿಷಿನಲ್ಲೂ ಬಿಡಬೇಡಿ. ಹೈಕೋರ್ಟಿನ ಭಾಷೆ ಅದು, ತೀರ್ಪುಗಳು ಇರುವುದೂ ಅದರಲ್ಲಿ. ದಿನಕ್ಕೆ ಒಂದೇ ಪುಟ ತೀರ್ಪನ್ನು ಗಟ್ಟಿಯಾಗಿ ಓದಿ, ಪಕ್ಕದಲ್ಲಿ ಕನ್ನಡದಲ್ಲಿ ಎರಡು ಸಾಲು ಸಾರ ಬರೆಯಿರಿ. ನಾಲ್ಕು ತಿಂಗಳಲ್ಲಿ ನನಗೆ ವ್ಯತ್ಯಾಸ ಗೊತ್ತಾಯಿತು.

ಜಿಲ್ಲಾ, ತಾಲ್ಲೂಕು ಕೋರ್ಟುಗಳಲ್ಲಿ ಕಕ್ಷಿದಾರರ ಕನ್ನಡ ಬಲ್ಲ ವಕೀಲರಿಗೆ ಬೆಲೆಯಿದೆ. ಮಹಜರು, ಪಂಚರು, ಕೈಫಿಯತ್ತು, ಅಮಲ್ಜಾರಿ, ಖುಲಾಸೆ ಎಂಬ ಪದಗಳು ನಗರದಲ್ಲೇ ಬೆಳೆದ ಸಹಪಾಠಿಗೆ ಹೊಸವು, ನಿಮ್ಮ ಅಜ್ಜನ ಬಾಯಲ್ಲಿ ಅವು ಓಡಾಡಿದ್ದವು. ಸಂವಿಧಾನದ ತರಗತಿಯಲ್ಲಿ 13 ನ್ಯಾಯಮೂರ್ತಿಗಳ 1973ರ ಕೇಶವಾನಂದ ಭಾರತಿ ತೀರ್ಪು ಬಂದಾಗ, ಆ ಕೇಶವಾನಂದ ಭಾರತಿಯವರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಎಂದು ನೆನೆಯಿರಿ. 1994ರ ಬೊಮ್ಮಾಯಿ ತೀರ್ಪಿನ ಬೊಮ್ಮಾಯಿ ನಮ್ಮ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು.

ಮನಸ್ಸು ಕುಗ್ಗಿದಾಗ

ಮೊದಲ ಎರಡು ತಿಂಗಳ ಭಾನುವಾರ ಸಂಜೆ ಕಷ್ಟ. ಮನೆಗೆ ಫೋನ್ ಮಾಡಿ, "ಎಲ್ಲ ಆರಾಮ" ಎಂದಷ್ಟೇ ಹೇಳಿ ಇಡಬೇಡಿ, ಇದ್ದದ್ದು ಹೇಳಿ. ತರಗತಿಯಲ್ಲಿ ಒಬ್ಬರೇ ಒಬ್ಬರು ಜೊತೆಗಾರರನ್ನು ಹುಡುಕಿಕೊಳ್ಳಿ, ಕೋರ್ಟಿಗೂ ಗ್ರಂಥಾಲಯಕ್ಕೂ ಒಟ್ಟಿಗೆ ಹೋಗಿ. ನಿದ್ದೆ, ಊಟ ಎರಡೂ ಕೆಟ್ಟು ವಾರಗಳಾದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ರ‍್ಯಾಗಿಂಗ್ ನಡೆದರೆ ಸಹಿಸಬೇಡಿ: 1800-180-5522. ತುರ್ತಿಗೆ 112.

ಇಂಟರ್ನ್‌ಶಿಪ್, ಮತ್ತು ಊರಿನ ಫೋನ್

ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ್ದಕ್ಕೆ 20 ವಾರ ಇಂಟರ್ನ್‌ಶಿಪ್ ಬೇಕು. ದೊಡ್ಡ ಹೆಸರಿನ ಸಂಸ್ಥೆಗಳ ಹಿಂದೆ ಓಡುವ ಬದಲು, ಮೊದಲನೆಯದನ್ನು ವಿಚಾರಣಾ ನ್ಯಾಯಾಲಯದಲ್ಲಿ ದಿನವೂ ಕೆಲಸ ಮಾಡುವ ವಕೀಲರ ಆಫೀಸಿನಲ್ಲಿ ಮಾಡಿ. ಕೋರ್ಟಿನಲ್ಲಿ ಯಾರ ಪಾಟೀಸವಾಲು ಇಷ್ಟವಾಯಿತೋ ಅವರ ಬಿಡುವು ನೋಡಿ ಕೇಳಿ: "ಸರ್, ಸಂಜೆ ಆಫೀಸಿಗೆ ಬಂದು ಫೈಲ್ ಓದಬಹುದಾ?" ನನಗೆ ಸೀನಿಯರ್ ಸಿಕ್ಕಿದ್ದು ಹೀಗೆಯೇ. ಮೊದಲ ವಾರ ದಿನಾಂಕದ ಡೈರಿ ಬರೆಯುವುದು, ಜೆರಾಕ್ಸ್, ಫೈಲ್ ಹೊಲಿಯುವುದೇ ಕೆಲಸ. ಹೊಲಿಯುವಾಗ ಆ ಫೈಲ್ ಓದಿ.

ನೀವು ಕಾನೂನು ಓದುತ್ತಿದ್ದೀರಿ ಎಂದು ಗೊತ್ತಾದ ದಿನದಿಂದ ಊರಿನ ದೊಡ್ಡಪ್ಪ, ಚಿಕ್ಕಮ್ಮಂದಿರು ಹೊಲದ ಬದುವಿನ ಜಗಳ, ಸೊಸೆಯ ಕೇಸು ಎಂದು ಫೋನ್ ಮಾಡುತ್ತಾರೆ. ಕೇಳಿಸಿಕೊಳ್ಳಿ, ತೀರ್ಪು ಕೊಡಬೇಡಿ. 1961ರ ವಕೀಲರ ಕಾಯ್ದೆ ಪ್ರಕಾರ ವಕೀಲಿಕೆ ನಡೆಸುವ ಹಕ್ಕು ನೋಂದಾಯಿತ ವಕೀಲರದು ಮಾತ್ರ, ಅರೆಬರೆ ಸಲಹೆಯಿಂದ ಅವರ ಕೇಸೂ ಕೆಡುತ್ತದೆ. ಬದಲಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ದಾರಿ ತೋರಿಸಿ, ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ.

ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಒಂದು ದಿನ ನಿಮ್ಮ ತಾಲ್ಲೂಕು ಕೋರ್ಟಿಗೂ ಹೋಗಿ. ಚಿಕ್ಕಂದಿನಿಂದ ಹೊರಗಿನಿಂದಷ್ಟೇ ನೋಡಿದ ಕಟ್ಟಡ ಅದು. ಗುರುತಿನ ಚೀಟಿ ಇಟ್ಟುಕೊಳ್ಳಿ, 11ರೊಳಗೆ ಒಳಗಿರಿ. ಬಾಗಿಲ ಪಕ್ಕದ ಪಟ್ಟಿಯಲ್ಲಿನ ಓ.ಎಸ್., ಸಿ.ಸಿ. ಎಲ್ಲ ಈಗ ನಿಮಗೆ ಓದಲು ಬರುತ್ತದೆ. ಹಿಂದಿನ ಬೆಂಚಿನಲ್ಲಿ ನಿಮ್ಮೂರಿನವರೇ ಯಾರಾದರೂ ತಮ್ಮ ಸರದಿಗೆ ಕಾಯುತ್ತಾ ಕೂತಿರಬಹುದು, ಅವರ ಪಕ್ಕ ಜಾಗ ಮಾಡಿಕೊಂಡು ಕೂರಿ.